ಕೋಟಿನ ಮೇಲಿನ ಸೀಮೆಸುಣ್ಣದ ಗುರುತು

(ತಾಲ್ಲೂಕು ಕೇಂದ್ರವೊಂದರ ಕಾಲೇಜಿನ ಇತಿಹಾಸ ವಿಭಾಗದಲ್ಲಿ ನಮ್ಮ ವರದಿಗಾರರು ವಿದ್ಯಾರ್ಥಿಗಳೆದುರು ಆಡಿದ ಮಾತುಗಳ ಬರಹರೂಪ)



ವೇದಿಕೆ ಹತ್ತಿ ಮಾತನಾಡುವುದು ನನ್ನ ಕಸುಬಲ್ಲ. ಹತ್ತಿದವರು ಮಾತನಾಡುವಾಗ ಮುಂದಿನ ಸಾಲಿನಲ್ಲಿ ಕುಳಿತು ಬರೆದುಕೊಳ್ಳುವುದು ನನ್ನ ಕಸುಬು. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ವೈದ್ಯಶಾಸ್ತ್ರ ಓದಿದವನಲ್ಲ, ಓದಿದ್ದು ಪತ್ರಿಕೋದ್ಯಮದ ಡಿಪ್ಲೊಮಾ. ಆದರೂ ಊರು ಬಿಟ್ಟು ದುಡಿಯಲು ಹೋಗುವವರ ಆರೋಗ್ಯ ತಪಾಸಣೆಯ ಚರಿತ್ರೆಯನ್ನೇ ಈ ದಿನ ಮಾತಿಗೆ ಆರಿಸಿಕೊಂಡದ್ದಕ್ಕೆ ಕಾರಣ ನಮ್ಮ ಮನೆಯಲ್ಲೇ ಇದೆ.

ನನ್ನ ದೊಡ್ಡಮ್ಮನ ಮಗ, ನನಗೆ ಅಣ್ಣ, ಹದಿನಾರನೆಯ ವಯಸ್ಸಿಗೆ ಮುಂಬೈಯ ಹೋಟೆಲೊಂದಕ್ಕೆ ಕೆಲಸಕ್ಕೆ ಹೋದ. ನಮ್ಮ ಕುಂದಾಪುರದ ಕಡೆ ಇದೇನೂ ಹೊಸತಲ್ಲ, ಮನೆಗೊಬ್ಬರಂತೆ ಹೋಗಿದ್ದಾರೆ. ಹಗಲೆಲ್ಲ ಅಡುಗೆಮನೆ, ರಾತ್ರಿ ಅದೇ ಹೋಟೆಲಿನ ಅಟ್ಟದಲ್ಲಿ ಎಂಟು ಮಂದಿ ಸಾಲಾಗಿ ಮಲಗುವುದು. ಆ ಅಟ್ಟಕ್ಕೆ ಕಿಟಕಿ ಇರಲಿಲ್ಲ. ಹತ್ತೊಂಬತ್ತಕ್ಕೆ ಅವನಿಗೆ ಕೆಮ್ಮು ಹಿಡಿಯಿತು, ಸಂಜೆ ಸಂಜೆ ಜ್ವರ, ಮೈ ಇಳಿಯಿತು. ಊರಿಗೆ ಬಂದ. ಕಫ ಪರೀಕ್ಷೆಯಲ್ಲಿ ಕ್ಷಯ ಎಂದಾಯಿತು. ಸರ್ಕಾರಿ ಆಸ್ಪತ್ರೆಯ ಮಾತ್ರೆಯನ್ನು ಆರು ತಿಂಗಳು ಒಂದು ದಿನವೂ ತಪ್ಪಿಸದೆ ನುಂಗಿದ, ಗುಣವಾಯಿತು. ಒಂಬತ್ತು ವರ್ಷ ಕಳೆಯಿತು. ಕೊಲ್ಲಿ ದೇಶವೊಂದರಲ್ಲಿ ಅಡುಗೆಯವನ ಕೆಲಸ ಸಿಕ್ಕಿತು. ದೊಡ್ಡಮ್ಮನ ಸರ ಸೊಸೈಟಿಯಲ್ಲಿ ಅಡವಿಟ್ಟು ಏಜೆಂಟರಿಗೆ ಮುಂಗಡ ಕೊಟ್ಟದ್ದಾಯಿತು. ಆಮೇಲೆ ಉಳಿದದ್ದು ‘ಮೆಡಿಕಲ್’ ಮಾತ್ರ.

ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಕಲೆ ಕಾಣಿಸಿತು. ಹಳೆಯ ಕ್ಷಯ ಮಾಸಿದ ಜಾಗದ ಗುರುತು ಅದು. ಮೊಣಕಾಲಿನ ಗಾಯ ಮಾಗಿದ ಮೇಲೂ ಕಲೆ ಉಳಿಯುವುದಿಲ್ಲವೆ, ಹಾಗೆ. ಫಲಿತಾಂಶದ ಜಾಗದಲ್ಲಿ ‘ಅನ್‌ಫಿಟ್’ ಎಂದು ಬಂತು. ಅವನು ನೇರವಾಗಿ ನಮ್ಮ ಸರ್ಕಾರಿ ಆಸ್ಪತ್ರೆಗೆ ಹೋದ. ಅಲ್ಲಿನ ವೈದ್ಯರು ಮತ್ತೊಮ್ಮೆ ಕಫ ಪರೀಕ್ಷಿಸಿ, “ನಿನಗೆ ಕಾಯಿಲೆ ಇಲ್ಲ ಮಾರಾಯ, ನಾನು ಯಾವುದಕ್ಕೆ ಔಷಧಿ ಕೊಡಲಿ?” ಎಂದರು. ಮನೆಗೆ ಬಂದು ನನ್ನನ್ನು ಕೇಳಿದ: “ಕಾಯಿಲೆ ಇಲ್ಲ ಅಂತ ಒಬ್ರು ಹೇಳ್ತಾರೆ, ಹೋಗೂಕಾಗ ಅಂತ ಇನ್ನೊಬ್ರು ಹೇಳ್ತಾರೆ. ನಾನು ಯಾವ ಲೆಕ್ಕದಲ್ಲಿ ಬತ್ತೆ?”

ನೀವು ಪೇಪರಿನವರು, ನಿಮಗೆ ಗೊತ್ತಿರಬೇಕು ಎಂಬ ಧಾಟಿಯಲ್ಲಿ ಅವನು ಕೇಳಿದ್ದ. ನನಗೆ ಗೊತ್ತಿರಲಿಲ್ಲ. ಹುಡುಕುತ್ತಾ ಹೋದಾಗ ನೂರು ವರ್ಷ ಹಿಂದಕ್ಕೆ, ಒಂದು ದ್ವೀಪಕ್ಕೆ ಹೋಗಿ ಮುಟ್ಟಿದೆ.

ಆರು ಕ್ಷಣದ ವೈದ್ಯ

ರೋಗ ದೂರದಿಂದ ಬರುತ್ತದೆ, ಆದ್ದರಿಂದ ದೂರದಿಂದ ಬಂದವರನ್ನು ಹೊರಗೆ ನಿಲ್ಲಿಸಬೇಕು ಎಂಬ ವಿಚಾರ ಬಹಳ ಹಳೆಯದು. ಏಡ್ರಿಯಾಟಿಕ್ ಸಮುದ್ರದ ದಂಡೆಯ ರಗೂಸಾ, ಅಂದರೆ ಇಂದಿನ ಡುಬ್ರೋವ್ನಿಕ್, 1377ರಲ್ಲಿಯೇ ಪ್ಲೇಗು ಪೀಡಿತ ಊರುಗಳಿಂದ ಬಂದವರು ಮೂವತ್ತು ದಿನ ಹೊರಗಿರಬೇಕೆಂದು ವಿಧಿಸಿತ್ತು. ಮುಂದೆ ಮೂವತ್ತು ನಲವತ್ತಾಯಿತು. ಇಟಲಿಯವರ ಮಾತಿನ ಆ ನಲವತ್ತರಿಂದಲೇ ‘ಕ್ವಾರಂಟೈನ್’ ಎಂಬ ಶಬ್ದ ಹುಟ್ಟಿದ್ದು. ಆದರೆ ಅದು ಹಡಗಿಗೆ, ಸರಕಿಗೆ, ಸಾಹುಕಾರನಿಗೆ ಎಲ್ಲಕ್ಕೂ ಅನ್ವಯಿಸುತ್ತಿತ್ತು. ದುಡಿಯಲು ಬರುವವನನ್ನೇ ಒಬ್ಬೊಬ್ಬನಾಗಿ ನಿಲ್ಲಿಸಿ, ನೋಡಿ, ‘ಆದೀತು’ ‘ಆಗದು’ ಎಂದು ವಿಂಗಡಿಸುವ ಪದ್ಧತಿ ದೊಡ್ಡ ಪ್ರಮಾಣದಲ್ಲಿ ಬೆಳೆದದ್ದು ಅಮೆರಿಕದ ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ.

1892ರ ಜನವರಿ 1ರಂದು ಆರಂಭವಾದ ಈ ಕೇಂದ್ರ 1954ರಲ್ಲಿ ಮುಚ್ಚುವವರೆಗೆ ಸುಮಾರು 1 ಕೋಟಿ 20 ಲಕ್ಷ ಜನ ಅದರ ಮೂಲಕ ಅಮೆರಿಕಕ್ಕೆ ಕಾಲಿಟ್ಟರು. ಎಲ್ಲರೂ ಅಲ್ಲಿ ಇಳಿಯಬೇಕಾಗಿರಲಿಲ್ಲ ಎಂಬುದನ್ನು ಗಮನಿಸಿ. ಹಡಗಿನ ಮೊದಲ ಮತ್ತು ಎರಡನೆಯ ದರ್ಜೆಯವರನ್ನು ಅವರವರ ಕೋಣೆಯ ಬಳಿಯೇ ಮರ್ಯಾದೆಯಿಂದ ನೋಡಿ ಕಳಿಸಿಬಿಡುತ್ತಿದ್ದರು. ಹಡಗಿನ ತಳದಲ್ಲಿ, ಅಗ್ಗದ ಟಿಕೆಟಿನಲ್ಲಿ ಬಂದವರನ್ನು ಮಾತ್ರ ದೋಣಿಯಲ್ಲಿ ದ್ವೀಪಕ್ಕೆ ಸಾಗಿಸುತ್ತಿದ್ದರು. ರೋಗಾಣುವಿಗೆ ಟಿಕೆಟಿನ ದರ್ಜೆ ತಿಳಿಯುತ್ತದೆಯೆ ಎಂದು ಆಗ ಯಾರೂ ಕೇಳಿದಂತಿಲ್ಲ.

ದ್ವೀಪದಲ್ಲಿ ಸರತಿ ಸಾಲು. ಗಂಟುಮೂಟೆ ಹೊತ್ತು ಮೆಟ್ಟಿಲು ಹತ್ತುವಾಗಲೇ ವೈದ್ಯರು ನೋಡುತ್ತಿದ್ದರು: ಯಾರು ಏದುಸಿರು ಬಿಡುತ್ತಾರೆ, ಯಾರು ಕುಂಟುತ್ತಾರೆ, ಯಾರ ಮುಖ ಪೆಚ್ಚಾಗಿದೆ. ಒಬ್ಬೊಬ್ಬರಿಗೆ ಸಿಗುತ್ತಿದ್ದುದು ಕೆಲವೇ ಕ್ಷಣ. ‘ಆರು ಸೆಕೆಂಡಿನ ಪರೀಕ್ಷೆ’ ಎಂದೇ ಅದು ಹೆಸರಾಯಿತು. ಸಂಶಯ ಬಂದರೆ ಕೋಟಿನ ಮೇಲೆ ಸೀಮೆಸುಣ್ಣದಿಂದ ಒಂದು ಇಂಗ್ಲಿಷ್ ಅಕ್ಷರ. ಹೃದಯಕ್ಕೆ ‘ಎಚ್’, ಕುಂಟಿಗೆ ‘ಎಲ್’, ಕಣ್ಣಿಗೆ ‘ಇ’, ಹರ್ನಿಯಾಕ್ಕೆ ‘ಕೆ’, ಬುದ್ಧಿಮಾಂದ್ಯದ ಅನುಮಾನಕ್ಕೆ ‘ಎಕ್ಸ್’. ಗುರುತು ಬಿದ್ದವರನ್ನು ಸಾಲಿನಿಂದ ಪಕ್ಕಕ್ಕೆ ಕರೆದು ವಿವರವಾಗಿ ನೋಡುತ್ತಿದ್ದರು. ಕೆಲವರು ಯಾರೂ ನೋಡದಾಗ ಕೋಟನ್ನು ಒಳಹೊರಗು ಮಾಡಿ ಹಾಕಿಕೊಂಡು ಪಾರಾದರೆಂದು ಅಲ್ಲಿ ಬಂದಿಳಿದವರ ಮಕ್ಕಳು, ಮೊಮ್ಮಕ್ಕಳು ಹೇಳುತ್ತಾ ಬಂದಿದ್ದಾರೆ.

ಎಲ್ಲರೂ ಹೆದರುತ್ತಿದ್ದುದು ಕಣ್ಣಿನ ಪರೀಕ್ಷೆಗೆ. ಟ್ರಕೋಮಾ ಎಂಬ ಅಂಟುರೋಗ ಇದೆಯೇ ಎಂದು ನೋಡಲು ರೆಪ್ಪೆಯನ್ನು ಮಗುಚಬೇಕು. ಅದಕ್ಕೆ ಬೆರಳನ್ನೋ, ಬೂಟಿನ ಗುಂಡಿ ಹಾಕಲು ಬಳಸುವ ಲೋಹದ ಕೊಕ್ಕೆಯನ್ನೋ ಉಪಯೋಗಿಸುತ್ತಿದ್ದರು. ಟ್ರಕೋಮಾ ಇದ್ದವರಲ್ಲಿ ಬಹಳ ಮಂದಿ ಬಂದ ಹಡಗಿನ ಕಂಪನಿಯ ಖರ್ಚಿನಲ್ಲಿಯೇ ವಾಪಸು. ವಾಪಸಾಗಬೇಕಾದದ್ದು ಮಗುವಾದರೆ ಜೊತೆಗೆ ತಂದೆಯೋ ತಾಯಿಯೋ ಹೋಗಬೇಕು. ಉಳಿದವರು ಇಲ್ಲೇ ಇರುವುದೋ ಹೊರಡುವುದೋ ಎಂಬ ತೀರ್ಮಾನವನ್ನು ಆ ಬಂದರಿನಲ್ಲಿ ನಿಂತು ಮಾಡಬೇಕಿತ್ತು. ದ್ವೀಪಕ್ಕೆ ‘ಕಣ್ಣೀರಿನ ದ್ವೀಪ’ ಎಂದು ಹೆಸರು ಬಂದದ್ದು ಸುಮ್ಮನಲ್ಲ.

ಆದರೆ ಕಥೆ ಒಂದೇ ಬಣ್ಣದ್ದಲ್ಲ. ಒಟ್ಟು ಬಂದವರಲ್ಲಿ ಎಲ್ಲ ಕಾರಣಗಳೂ ಸೇರಿ ಹಿಂದಕ್ಕೆ ಹೋದವರು ನೂರಕ್ಕೆ ಇಬ್ಬರ ಆಸುಪಾಸು. 1902ರಲ್ಲಿ ಅಲ್ಲೊಂದು ಆಸ್ಪತ್ರೆ ಶುರುವಾಯಿತು, 1911ರಲ್ಲಿ ಅಂಟುರೋಗಗಳಿಗೇ ಪ್ರತ್ಯೇಕ ಆಸ್ಪತ್ರೆ. ದಡಾರವೋ ಜ್ವರವೋ ಬಂದ ಮಕ್ಕಳನ್ನು ಅಲ್ಲಿಯೇ ಇರಿಸಿಕೊಂಡು, ಗುಣಪಡಿಸಿ ಒಳಗೆ ಬಿಟ್ಟದ್ದೂ ಉಂಟು. ಅಂದರೆ ಬಾಗಿಲಲ್ಲಿ ನಿಂತ ವೈದ್ಯ ಕಾವಲುಗಾರನೂ ಆಗಿದ್ದ, ವೈದ್ಯನೂ ಆಗಿದ್ದ. ಈ ಎರಡು ವೇಷಗಳಲ್ಲಿ ಯಾವುದು ಮೇಲಾಗುತ್ತದೆ ಎಂಬುದರ ಮೇಲೆ ಬಂದವನ ಹಣೆಬರಹ.

ಇನ್ನೊಂದು ಸ್ವಾರಸ್ಯ. ರೋಗಿಯನ್ನು ಹೊತ್ತು ತಂದ ಹಡಗಿನ ಕಂಪನಿಗೆ ತಲೆಗೆ 100 ಡಾಲರ್ ದಂಡ ಎಂದು 1903ರ ಕಾನೂನು ಹೇಳಿತು. ದುಡ್ಡಿನ ಪ್ರಶ್ನೆ ಬಂದ ಮೇಲೆ ಕಂಪನಿಗಳು ಹತ್ತಿಸಿಕೊಳ್ಳುವ ಬಂದರಿನಲ್ಲಿಯೇ ಪರೀಕ್ಷೆ ಬಿಗಿಮಾಡಿದವು. ಬಾಗಿಲು ನ್ಯೂಯಾರ್ಕಿನಿಂದ ಎದ್ದು ಯುರೋಪಿನ ಬಂದರುಗಳಿಗೆ ಬಂತು. ಇಂದು ಕೊಲ್ಲಿ ರಾಷ್ಟ್ರಗಳ ಬಾಗಿಲು ನಮ್ಮ ಮಂಗಳೂರಿಗೇ ಬಂದು ಕುಳಿತಿದೆಯಲ್ಲ, ಅದರ ಮೂಲ ಇಲ್ಲಿದೆ.

ಅಮೆರಿಕದ ಪಶ್ಚಿಮ ದಂಡೆಯಲ್ಲಿ ಬೇರೆಯದೇ ಕಥೆ. ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಏಂಜೆಲ್ ದ್ವೀಪದಲ್ಲಿ 1910ರಿಂದ 1940ರವರೆಗೆ ಇದ್ದ ಕೇಂದ್ರಕ್ಕೆ ಬರುತ್ತಿದ್ದವರು ಹೆಚ್ಚಾಗಿ ಚೀನೀಯರು, ಜಪಾನೀಯರು, ನಮ್ಮ ಪಂಜಾಬಿನ ಸಿಖ್ಖರು. ಇಲ್ಲಿ ರೆಪ್ಪೆ ಮಗುಚಿದರೆ ಸಾಲದು, ಮಲ ಪರೀಕ್ಷೆಯೂ ಆಗಬೇಕು. ಕೊಕ್ಕೆಹುಳು ಕಂಡರೆ ಪ್ರವೇಶವಿಲ್ಲ. ಕೊಕ್ಕೆಹುಳು ಆಗಲೇ ಔಷಧಿಗೆ ಬಗ್ಗುವ ಕಾಯಿಲೆಯಾಗಿತ್ತು, ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿಯೇ ಅದು ಲಕ್ಷಾಂತರ ಜನರ ಹೊಟ್ಟೆಯಲ್ಲಿತ್ತು. ಅದನ್ನೇ ಹಿಡಿದು ಭಾರತೀಯರನ್ನು ತಿರುಗಿ ಕಳಿಸಿದ್ದರಲ್ಲಿ ಹುಳುವಿನ ಭಯಕ್ಕಿಂತ ಬೇರೆ ಭಯವೇ ಹೆಚ್ಚಾಗಿತ್ತೆಂದು ನನಗೆ ತೋರುತ್ತದೆ.

ಇಲಿ ಟಿಕೆಟ್ ಪಡೆಯಲಿಲ್ಲ

ಇದೇ ಹೊತ್ತಿನಲ್ಲಿ ನಮ್ಮಲ್ಲಿ ಏನಾಗುತ್ತಿತ್ತು? 1896ರ ಸೆಪ್ಟೆಂಬರಿನಲ್ಲಿ ಮುಂಬೈಯ ಮಾಂಡ್ವಿ ಪ್ರದೇಶದಲ್ಲಿ ಪ್ಲೇಗು ಕಾಣಿಸಿತು. ಗಿರಣಿ ಕೆಲಸಗಾರರು ಗಂಟು ಕಟ್ಟಿ ರೈಲು ಹತ್ತಿದರು. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ರೈಲ್ವೆ ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ, ಸಾಲಾಗಿ ನಿಲ್ಲಿಸಿ, ನಾಡಿ ಹಿಡಿದು, ಕಂಕುಳಿನಲ್ಲಿ ತೊಡೆಸಂದಿಯಲ್ಲಿ ಗಡ್ಡೆ ಇದೆಯೇ ಎಂದು ನೋಡತೊಡಗಿದರು. ಹೆಣ್ಣುಮಕ್ಕಳನ್ನು ಪರಪುರುಷರು ಹೀಗೆ ಮುಟ್ಟಿ ನೋಡುವುದಕ್ಕೆ ದೇಶದ ಉದ್ದಗಲಕ್ಕೂ ಆಕ್ರೋಶ ಎದ್ದಿತು. ಪುಣೆಯಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು 1897ರ ಜೂನ್ 22ರಂದು ಗುಂಡು ಹಾರಿಸಿದ ಕಥೆ ನಿಮ್ಮ ಪಠ್ಯದಲ್ಲಿಯೇ ಇದೆ. ಅದರ ಹಿಂದೆ ಮನೆ ಶೋಧನೆಯ, ಮೈ ಮುಟ್ಟಿದ ಅವಮಾನ ಇತ್ತು.

ಹುಬ್ಬಳ್ಳಿ ಭಾಗಕ್ಕೆ ಬಂದ ಪ್ಲೇಗು 1898ರ ಆಗಸ್ಟ್‌ನಲ್ಲಿ ಬೆಂಗಳೂರನ್ನೂ ಮುಟ್ಟಿತು. ಜನ ಊರು ಬಿಟ್ಟು ತೋಟಗಳಲ್ಲಿ ಗುಡಿಸಲು ಹಾಕಿಕೊಂಡರು. ಪ್ಲೇಗಿನ ಅಮ್ಮನಿಗೆ ಗುಡಿಗಳೆದ್ದವು. ಪೇಟೆಯ ಇಕ್ಕಟ್ಟಿಗೆ ಬೆದರಿದ ಆಡಳಿತ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಬೆಳೆಸಿತು. ದಕ್ಷಿಣದಲ್ಲಿ ‘ಪ್ಲೇಗು ಪಾಸ್‌ಪೋರ್ಟ್’ ಎಂಬುದೊಂದು ಚೀಟಿ ಬಂತು. ಸೋಂಕಿನ ಊರಿನಿಂದ ಬಂದವನು ತಾನು ಇಳಿಯುವ ಮನೆಯ ವಿಳಾಸ ಬರೆಸಿ, ಕೆಲವು ದಿನ ಅಧಿಕಾರಿಯ ಮುಂದೆ ಹಾಜರಾಗಿ ಮುಖ ತೋರಿಸಬೇಕು. ಅನಂತಮೂರ್ತಿಯವರ ‘ಸಂಸ್ಕಾರ’ ಓದಿದವರಿಗೆ ನೆನಪಿರಬಹುದು, ಅಗ್ರಹಾರದ ನಾರಣಪ್ಪ ಶಿವಮೊಗ್ಗೆಗೆ ಹೋಗಿಬಂದು ಜ್ವರದಿಂದ ಸಾಯುತ್ತಾನೆ. ರೋಗವೆಂದರೆ ಪರಊರಿಗೆ ಹೋಗಿಬಂದವನ ಜೊತೆ ಬರುವಂಥದು ಎಂಬುದು ಆ ಕಾಲದ ಎಲ್ಲರ ಅನುಭವ.

ಅನುಭವವೇನೋ ನಿಜ, ಆದರೆ ಅರ್ಧ ನಿಜ. 1898ರಲ್ಲಿಯೇ ಕರಾಚಿಯಲ್ಲಿ ಪೌಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ, ಇಲಿಯಿಂದ ಇಲಿಗೆ ಪ್ಲೇಗನ್ನು ದಾಟಿಸುವುದು ಚಿಗಟ ಎಂದು ಪ್ರಯೋಗ ಮಾಡಿ ತೋರಿಸಿದ. ಲೋಕ ಅದನ್ನು ಒಪ್ಪಲು ಮತ್ತೆ ಕೆಲವು ವರ್ಷ ಹಿಡಿಯಿತು. ಅಲ್ಲಿಯವರೆಗೆ ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ಕೂಲಿಯ ಕಂಕುಳು ತಡವುತ್ತಿದ್ದಾಗ, ಪಕ್ಕದ ಗೂಡ್ಸ್ ಗಾಡಿಯಲ್ಲಿ ಧಾನ್ಯದ ಚೀಲಗಳ ಸಂದಿಯಲ್ಲಿ ಇಲಿ ನೆಮ್ಮದಿಯಾಗಿ ಪ್ರಯಾಣ ಮಾಡುತ್ತಿತ್ತು. ಮನುಷ್ಯನನ್ನು ನೋಡುವುದು ಸುಲಭ. ಅವನು ಸಾಲಿನಲ್ಲಿ ನಿಲ್ಲುತ್ತಾನೆ, ಹೇಳಿದಂತೆ ಕೇಳುತ್ತಾನೆ.

ಎಕ್ಸ್‌ರೇಯ ಎರಡು ಓದು

ಈಗ ಅಣ್ಣನ ಎಕ್ಸ್‌ರೇಗೆ ಬರೋಣ. ಕ್ಷಯದ ಭಯ ಹುಸಿಯಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿ ಭಾರತದವರು. ಚಿಕಿತ್ಸೆ ಪಡೆಯದ ರೋಗಿ ವರ್ಷವೊಂದರಲ್ಲಿ ಹತ್ತಾರು ಮಂದಿಗೆ ಸೋಂಕು ದಾಟಿಸಬಲ್ಲ. ಬರುವವರನ್ನು ಪರೀಕ್ಷಿಸುತ್ತೇವೆ ಎಂದು ಒಂದು ದೇಶ ಹೇಳಿದರೆ ತಪ್ಪೆನ್ನಲಾಗದು. ಪ್ರಶ್ನೆ ಇರುವುದು ಕಲೆ ಕಂಡ ಮೇಲೆ ಏನು ಮಾಡುತ್ತಾರೆ ಎಂಬುದರಲ್ಲಿ.

ಸೌದಿ, ಎಮಿರೇಟ್ಸ್, ಕುವೈತ್, ಕತಾರ್, ಒಮಾನ್, ಬಹರೇನ್, ಈ ಆರು ಕೊಲ್ಲಿ ರಾಷ್ಟ್ರಗಳು ಸೇರಿ ಮಾಡಿಕೊಂಡ ಒಂದು ಪಟ್ಟಿ ಇದೆ. ಎಚ್‌ಐವಿ, ಕಾಮಾಲೆಯ ಬಿ ಮತ್ತು ಸಿ ವೈರಸ್, ಕ್ಷಯ ಮುಂತಾದವು ಅದರಲ್ಲಿವೆ. ಹೊಸದಾಗಿ ಹೋಗುವವನ ಎದೆಯಲ್ಲಿ ಹಳೆಯ ಕ್ಷಯದ ಗುರುತು ಕಂಡರೂ ಅವನು ಅನರ್ಹ. ಎಮಿರೇಟ್ಸ್ 2016ರಲ್ಲಿ ಸ್ವಲ್ಪ ಸಡಿಲಿಸಿತು: ಅಲ್ಲಿಯೇ ನೆಲೆಸಿದವರು ವೀಸಾ ನವೀಕರಿಸುವಾಗ ಕ್ಷಯವೋ ಕಲೆಯೋ ಕಂಡರೆ ಗಡೀಪಾರು ಮಾಡದೆ ಚಿಕಿತ್ಸೆ ಕೊಡುವುದು ಎಂದಾಯಿತು. ಹೊಸಬರಿಗೆ ಆ ಸೌಲಭ್ಯವಿಲ್ಲ.

ಬ್ರಿಟನ್ನಿಗೆ ಆರು ತಿಂಗಳಿಗಿಂತ ಹೆಚ್ಚು ಕಾಲ ಇರಲು ಹೋಗುವ ಭಾರತೀಯರೂ ಇಲ್ಲಿಯೇ ಎಕ್ಸ್‌ರೇ ತೆಗೆಸಬೇಕು. ಮೊದಲು ಲಂಡನ್ನಿನ ವಿಮಾನ ನಿಲ್ದಾಣದಲ್ಲಿಯೇ ತೆಗೆಯುತ್ತಿದ್ದರು. 2012ರಲ್ಲಿ ಅದನ್ನು ನಿಲ್ಲಿಸಿ ಹೊರಡುವ ದೇಶಕ್ಕೇ ವರ್ಗಾಯಿಸಿದರು. ಅಲ್ಲಿ ಕಲೆ ಕಂಡರೆ ಕಥೆ ಮುಗಿಯುವುದಿಲ್ಲ. ಕಫವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುತ್ತಾರೆ, ಸುಮಾರು ಎರಡು ತಿಂಗಳು ಕಾಯಬೇಕು. ರೋಗಾಣು ಬೆಳೆಯದಿದ್ದರೆ ಪ್ರಮಾಣಪತ್ರ. ಬೆಳೆದರೆ ಚಿಕಿತ್ಸೆ ಮುಗಿಸಿ ಮತ್ತೆ ಬರಬಹುದು. ಇಂಗ್ಲೆಂಡಿನ ನೆಲದಲ್ಲಿ ಕ್ಷಯಕ್ಕೆ ಚಿಕಿತ್ಸೆ ಯಾರಿಗೂ ಉಚಿತ, ಕಾಗದಪತ್ರ ಇಲ್ಲದವರಿಗೂ. ಹಾಗೆಂದು ಬ್ರಿಟನ್ನನ್ನು ಹೊಗಳಿ ಕೂರಬೇಕಾಗಿಲ್ಲ. ವೀಸಾದ ಜೊತೆಗೆ ಆರೋಗ್ಯ ಶುಲ್ಕವೆಂದು 2015ರಲ್ಲಿ ವರ್ಷಕ್ಕೆ 200 ಪೌಂಡ್ ಶುರುಮಾಡಿದವರು 2024ರ ಫೆಬ್ರವರಿಯಲ್ಲಿ ಅದನ್ನು ವಯಸ್ಕರಿಗೆ 1,035ಕ್ಕೆ ಏರಿಸಿದ್ದಾರೆ.

ಒಂದೇ ಎದೆ, ಒಂದೇ ಕಲೆ. ಒಂದು ಮೇಜಿನ ಮೇಲೆ ಅದು ತೀರ್ಪು, ಇನ್ನೊಂದು ಮೇಜಿನ ಮೇಲೆ ಪ್ರಶ್ನೆ. ಅಣ್ಣನಿಗೆ ನಾನು ಕೊಡಬಹುದಾದ ಉತ್ತರ ಇಷ್ಟೆ. ಅವನಿಗೆ ಅದರಿಂದ ಉಪಯೋಗವಾಗಲಿಲ್ಲ. ಅವನು ಕಲಿತದ್ದು ಅಡುಗೆ, ಕರೆದದ್ದು ಕೊಲ್ಲಿ.

ಎಕ್ಸ್‌ರೇಗೆ ಇನ್ನೊಂದು ಮಿತಿಯೂ ಇದೆ. ಕ್ಷಯದ ಸೋಂಕು ಮೈಯಲ್ಲಿ ಸುಮ್ಮನೆ ಮಲಗಿರಬಹುದು. ಜಗತ್ತಿನ ಸುಮಾರು ನಾಲ್ಕರಲ್ಲೊಬ್ಬರಿಗೆ ಹೀಗೆ ಸೋಂಕು ತಗುಲಿದ್ದು, ಅವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ಕಾಯಿಲೆ ಎದ್ದೀತು. ಎಕ್ಸ್‌ರೇಯಲ್ಲಿ ಅದು ಕಾಣದು. ‘ಫಿಟ್’ ಎಂದು ಹೋದವನಿಗೆ ಮೂರು ವರ್ಷದ ಮೇಲೆ, ಒಂದು ಕೋಣೆಯಲ್ಲಿ ಹತ್ತು ಮಂದಿ ಮಲಗಿ, ಊಟ ಸರಿಯಿಲ್ಲದೆ ಸೊರಗಿದಾಗ ಕೆಮ್ಮು ಶುರುವಾಗಬಹುದು. ಹೇಳಿದರೆ ಕೆಲಸ ಹೋಗುತ್ತದೆ ಎಂಬ ಭಯವಿದ್ದರೆ ಅವನು ಹೇಳುವುದಿಲ್ಲ. ಹೇಳದವನಿಂದ ರೋಗ ಹರಡುತ್ತದೆ. ಅಮೆರಿಕ 1987ರಿಂದ 2010ರವರೆಗೆ ಎಚ್‌ಐವಿ ಇದ್ದವರಿಗೆ ಬಾಗಿಲು ಮುಚ್ಚಿತ್ತು. ಇದನ್ನು ಪ್ರತಿಭಟಿಸಿ ಬೋಸ್ಟನ್ನಿನಲ್ಲಿ ನಡೆಯಬೇಕಿದ್ದ 1992ರ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನವನ್ನೇ ಆಮ್‌ಸ್ಟರ್‌ಡಾಮಿಗೆ ಎತ್ತಿಕೊಂಡು ಹೋದರು. ಬಾಗಿಲು ಮುಚ್ಚಿದ್ದ ಆ ವರ್ಷಗಳಲ್ಲಿ ರೋಗ ದೇಶದ ಒಳಗೇ ಬೇಕಾದಷ್ಟಿತ್ತು.

ಸಿಂಗಪುರದ ಉದಾಹರಣೆ ಇನ್ನೂ ಹತ್ತಿರದ್ದು. ವಿದೇಶಿ ಕಾರ್ಮಿಕರನ್ನು ಪರೀಕ್ಷಿಸಿಯೇ ಸೇರಿಸಿಕೊಳ್ಳುವ, ಅಚ್ಚುಕಟ್ಟಿಗೆ ಹೆಸರಾದ ದೇಶ ಅದು. 2020ರಲ್ಲಿ ಕೊರೋನಾ ಹಬ್ಬಿದಾಗ ಅಲ್ಲಿನ ಪ್ರಕರಣಗಳಲ್ಲಿ ಬಹುಪಾಲು ಕಂಡದ್ದು ಭಾರತ, ಬಾಂಗ್ಲಾದ ಕಟ್ಟಡ ಕಾರ್ಮಿಕರ ವಸತಿಗಳಲ್ಲಿ. ವಸತಿಗಳಲ್ಲಿದ್ದವರಲ್ಲಿ ಶೇ. 47ರಷ್ಟು ಮಂದಿಗೆ ಸೋಂಕು ತಗುಲಿತ್ತೆಂದು ಅದೇ ವರ್ಷದ ಡಿಸೆಂಬರಿನಲ್ಲಿ ಸರ್ಕಾರವೇ ಹೇಳಿತು. ಕೆಲಸಗಾರನನ್ನು ಪರೀಕ್ಷಿಸಿದ್ದರು. ಅವನು ಮಲಗುವ ಕೋಣೆಯನ್ನು ಅಷ್ಟು ಮುತುವರ್ಜಿಯಿಂದ ನೋಡಿರಲಿಲ್ಲ.

ನಮ್ಮೂರ ಶಾಲೆ

ನಾವೇನು ಕಡಿಮೆಯಲ್ಲ. 2020ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರಗಳು ಕೈಗೆತ್ತಿಕೊಂಡದ್ದು ಅದೇ 1897ರ ಕಾಯ್ದೆಯನ್ನು. ಮನೆಯಲ್ಲೇ ಇರಬೇಕಾದವರ ಕೈಮೇಲೆ ಅಳಿಸದ ಶಾಯಿಯ ಮುದ್ರೆ ಒತ್ತಿದರು. ಎಲ್ಲಿಸ್ ದ್ವೀಪದ ಚಿತ್ರಗಳನ್ನು ನಂತರ ನೋಡಿದಾಗ ನನಗೆ ತಟ್ಟನೆ ನೆನಪಾದದ್ದು ಆ ಮುದ್ರೆ. ಕೋಟಾದರೆ ಮಗುಚಿ ಹಾಕಿಕೊಳ್ಳಬಹುದಿತ್ತು.

ಆ ಮೇ ತಿಂಗಳಲ್ಲಿ ಮುಂಬೈಯಿಂದ ಬಂದವರನ್ನು ನಮ್ಮೂರ ಶಾಲೆಯಲ್ಲಿ ಇರಿಸಿದ್ದರು. ನಾನಾಗ ಡಿಪ್ಲೊಮಾ ವಿದ್ಯಾರ್ಥಿ. ದಶಕಗಳಿಂದ ಅವರು ಕಳಿಸಿದ ಹಣದಲ್ಲಿ ದೇವಸ್ಥಾನಕ್ಕೆ ತಾಮ್ರದ ಹೊದಿಕೆ ಬಂದಿತ್ತು, ಆ ಶಾಲೆಗೇ ಒಂದು ಕೋಣೆ ಬಂದಿತ್ತು. ‘ಮುಂಬೈಯವರು ಬಂದರಂತೆ’ ಎಂದು ಅದೇ ಊರು ಬಾಗಿಲು ಹಾಕಿಕೊಂಡಿತು. ನಮ್ಮ ಮನೆಯ ಬಾಗಿಲನ್ನೂ ಹಾಕಿದ್ದೆವು, ಸುಳ್ಳು ಹೇಳುವುದಿಲ್ಲ.

ಇನ್ನು ನಮ್ಮಲ್ಲಿಗೆ ದುಡಿಯಲು ಬರುವವರು. ಒಡಿಶಾ, ಬಿಹಾರ, ಜಾರ್ಖಂಡ್, ನಮ್ಮದೇ ರಾಯಚೂರು, ಯಾದಗಿರಿ. ಮಂಗಳೂರಿನಲ್ಲಿ ಮಲೇರಿಯಾ ಹೆಚ್ಚಿದಾಗಲೆಲ್ಲ ‘ಹೊರಗಿನ ಕೂಲಿಗಳು ತಂದದ್ದು’ ಎಂಬ ಮಾತು ಕೇಳುತ್ತದೆ. ತಂದಿರಲೂಬಹುದು. ಆದರೆ ಮಲೇರಿಯಾ ಮನುಷ್ಯನಿಂದ ಮನುಷ್ಯನಿಗೆ ತಾನಾಗಿ ಹಾರುವುದಿಲ್ಲ, ನಡುವೆ ಸೊಳ್ಳೆ ಬೇಕು; ಆ ಸೊಳ್ಳೆ ಬೆಳೆಯುವುದು ಅರ್ಧ ಕಟ್ಟಿದ ಕಟ್ಟಡದ ತಾರಸಿಯಲ್ಲಿ, ಗೋಡೆ ನೆನೆಸಲು ಹಿಡಿದಿಟ್ಟ ನೀರಿನಲ್ಲಿ. ಆ ತಾರಸಿ ಬಿಹಾರದಿಂದ ಬಂದದ್ದಲ್ಲ.

ವಲಸೆ ಕಾರ್ಮಿಕರಿಗೆ ಗುತ್ತಿಗೆದಾರನೇ ಉಚಿತವಾಗಿ ವೈದ್ಯಕೀಯ ಸೌಲಭ್ಯ ಕೊಡಬೇಕೆಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೊಳಗೆ ಅದು ಸೇರಿಹೋಯಿತು. ಕ್ಷಯರೋಗಿಗಳ ಹೆಸರನ್ನು ‘ನಿಕ್ಷಯ್’ ಎಂಬ ಗಣಕ ವ್ಯವಸ್ಥೆಯಲ್ಲಿ ದಾಖಲಿಸುತ್ತಾರೆ. ರೋಗಿ ಊರು ಬದಲಿಸಿದರೆ ಚಿಕಿತ್ಸೆಯನ್ನು ಅಲ್ಲಿಗೆ ವರ್ಗಾಯಿಸಬಹುದು. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದು 2024ರ ನವೆಂಬರಿನಿಂದ 1,000 ಆಗಿದೆ. ಇವು ಒಳ್ಳೆಯ ವ್ಯವಸ್ಥೆಗಳು, ನಾನು ಗೇಲಿ ಮಾಡುತ್ತಿಲ್ಲ. ಆದರೆ ಹಣ ಬೀಳಲು ಬ್ಯಾಂಕ್ ಖಾತೆ ಬೇಕು, ವರ್ಗಾವಣೆಗೆ ‘ನಾನು ಹೊರಡುತ್ತೇನೆ’ ಎಂದು ಮೊದಲೇ ತಿಳಿಸಬೇಕು. ಮೇಸ್ತ್ರಿ ರಾತ್ರಿ ಬಂದು ‘ನಾಳೆ ಬೇರೆ ಸೈಟು’ ಎಂದರೆ ಬೆಳಿಗ್ಗೆ ಲಾರಿ ಹತ್ತುವವನು ಯಾರಿಗೆ ತಿಳಿಸಿಯಾನು?

ಕಳೆದ ತಿಂಗಳು ವರದಿಗೆಂದು ಕಟ್ಟಡದ ಕೆಲಸ ನಡೆಯುವ ಒಂದು ಜಾಗಕ್ಕೆ ಹೋಗಿದ್ದೆ. ತಗಡಿನ ಶೆಡ್ಡುಗಳು, ನಲವತ್ತು ಜನ, ಎರಡು ಶೌಚಾಲಯ. ಕೆಲವು ದಿನಗಳ ಹಿಂದೆ ಅಲ್ಲಿ ಆರೋಗ್ಯ ಶಿಬಿರ ನಡೆದಿತ್ತು. ಯಾದಗಿರಿ ಕಡೆಯ ಒಬ್ಬ ಹೆಂಗಸು ತೋಳಿನ ಮೇಲೆ ಸೂಜಿ ಚುಚ್ಚಿದ ಜಾಗ ತೋರಿಸಿದರು. “ಎಲ್ಲಾರ್ದೂ ರಕ್ತ ತಗೊಂಡು ಹೋದ್ರೀ. ಫೋಟೋನೂ ಹೊಡ್ಕೊಂಡ್ರು. ಅದ್ರಾಗ ಏನ್ ಬಂತು ಅಂತ ಯಾರೂ ಹೇಳಲಿಲ್ರಿ. ನೀವು ಪೇಪರ್ನೋರು, ನಿಮಗರ ಗೊತ್ತದೇನ್ರಿ?”

ಅಣ್ಣ ಕೇಳಿದಾಗ ಇದ್ದಂತೆ ಈಗಲೂ ನನಗೆ ಗೊತ್ತಿರಲಿಲ್ಲ. ಆ ನಲವತ್ತು ರಕ್ತದ ಸೀಸೆಗಳು ಎಲ್ಲಿಗೆ ಹೋದವೆಂದು ಎರಡು ಕಚೇರಿಗಳಲ್ಲಿ ವಿಚಾರಿಸಿ ಬಂದಿದ್ದೇನೆ. ಒಂದು ಕಚೇರಿಯವರು ಇನ್ನೊಂದನ್ನು ತೋರಿಸಿದರು, ಇನ್ನೊಂದರವರು ಮೂರನೆಯದನ್ನು. ಸೋಮವಾರ ಅಲ್ಲಿಗೆ ಹೋಗುವುದಿದೆ. ಅಷ್ಟರೊಳಗೆ ಆಕೆ ಅದೇ ಶೆಡ್ಡಿನಲ್ಲಿ ಇರಬೇಕಷ್ಟೆ.